ನೋವಿನ ಸುದ್ದಿ ಬೆನ್ನುಹುರಿಯಲ್ಲಿ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರಿಗೆ ಬೆನ್ನುಹುರಿಯ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಪಕ್ಕದವರನ್ನು ಕೇಳಿರಬಹುದು. ಕಾರಣ ಸರಳ. ನೋವು ಎಂಬುದು ಮೊದಲು ಭಾಷೆಯ ವಿಷಯ. ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಯಂತ್ರವಿದೆ, ಸಕ್ಕರೆಗೆ ರಕ್ತಪರೀಕ್ಷೆ ಇದೆ. ಇನ್ನೊಬ್ಬರ ನೋವನ್ನು ಹಾಗೆ ಅಳೆದು ಹೇಳುವ ಉಪಕರಣ ಇವತ್ತಿಗೂ ಯಾವ ವೈದ್ಯರ ಮೇಜಿನ ಮೇಲೂ ಇಲ್ಲ. ನೋವಿದ್ದವರು ಬಾಯಿಬಿಟ್ಟು ಹೇಳಬೇಕು, ಕೇಳುವವರು ನಂಬಬೇಕು. ಅಷ್ಟೇ ದಾರಿ.

ಹೇಳುವುದಕ್ಕೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಕನ್ನಡದಲ್ಲಿ ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಣ್ಣು ಉರಿಯುತ್ತದೆ, ಕಾಲು ಸೆಳೆಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಉರ್ದುವಿನಲ್ಲಿ ದರ್ದ್ ಒಂದೇ ಅಲ್ಲ. ಟೀಸ್ ಇದೆ, ಚುಭನ್ ಇದೆ, ಜಲನ್ ಇದೆ, ಮರೋಡ್ ಇದೆ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ವೈದ್ಯಗ್ರಂಥದಲ್ಲಿ ನೋವುಗಳನ್ನು 15 ಬಗೆಗಳಾಗಿ ವಿಂಗಡಿಸಿದ್ದರು. 1975ರಲ್ಲಿ ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ರೋಗಿಗಳು ಬಳಸುವ 78 ಮಾತುಗಳನ್ನು 20 ಗುಂಪುಗಳಲ್ಲಿ ಜೋಡಿಸಿ ಒಂದು ಪ್ರಶ್ನಾವಳಿ ಮಾಡಿದರು. ವೈದ್ಯರು ಅದನ್ನು ಇಂದಿಗೂ ಬಳಸುತ್ತಾರೆ. ಉರಿಯೋ, ಚುಚ್ಚುವುದೋ, ಸೆಳೆತವೋ ಎಂದು ವೈದ್ಯರು ಕೇಳುವುದು ಕಾಲ ಕಳೆಯಲಿಕ್ಕಲ್ಲ. ಆ ಮಾತಿನಿಂದ ನೋವು ಎಲ್ಲಿ ಹುಟ್ಟಿದೆ ಎಂಬ ಸುಳಿವು ಸಿಗುತ್ತದೆ.

ನನ್ನನ್ನು ಈ ವಿಷಯಕ್ಕೆ ಎಳೆದು ತಂದವರು ನಮ್ಮ ಚಾಚಾ. ಅರವತ್ತು ದಾಟಿದ ಮೇಲೆ ಅವರಿಗೆ ಎದೆಯ ಬಲಭಾಗದಲ್ಲಿ ಸರ್ಪಸುತ್ತು ಬಂತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು, ಚರ್ಮ ಮೊದಲಿನಂತಾಯಿತು. ನೋವು ಮಾತ್ರ ಹೋಗಲಿಲ್ಲ. ಅಂಗಿಯ ಬಟ್ಟೆ ತಾಗಿದರೆ ಬೆಂಕಿ ಇಟ್ಟಂತೆ ಎನ್ನುತ್ತಿದ್ದರು. ಫ್ಯಾನಿನ ಗಾಳಿಯೂ ಆಗದು. ನೋಡಿದರೆ ಅಲ್ಲಿ ಗಾಯವೂ ಇಲ್ಲ, ಕಲೆಯೂ ಸರಿಯಾಗಿ ಕಾಣುವುದಿಲ್ಲ. ಬಂದವರೆಲ್ಲ ನೋಡಿ, “ವಯಸ್ಸಾಯಿತು, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ” ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಗಾಯವೇ ಇಲ್ಲದ ಕಡೆ ನೋವು ಹೇಗೆ ಇರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಚಾಚಾರ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಚರ್ಮದಿಂದ ಹೊರಡೋಣ.

ಅಡಿಗೆಮನೆಯಲ್ಲಿ ಹಸಿಮೆಣಸಿನಕಾಯಿ ಹೆಚ್ಚಿದ ಕೈಯಿಂದ ಕಣ್ಣು ಉಜ್ಜಿಕೊಂಡವರು ಇಲ್ಲಿ ಎಷ್ಟು ಮಂದಿ? ಎಲ್ಲರೂ ಇರಬೇಕು. ಮೆಣಸಿನಕಾಯಿ ಬಿಸಿಯಾಗಿಲ್ಲ, ಆದರೂ ಸುಟ್ಟಂತೆ ಆಗುತ್ತದೆ. ನಮ್ಮ ಚರ್ಮದಲ್ಲಿ, ಬಾಯಲ್ಲಿ, ಕಣ್ಣಿನಲ್ಲಿ ಬರಿಯ ನರತುದಿಗಳು ಹರಡಿಕೊಂಡಿವೆ. ಅವುಗಳ ಮೈಮೇಲೆ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದು ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖಕ್ಕೆ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಕೂಡ ಅದೇ ಬಾಗಿಲನ್ನು ತೆರೆಯುತ್ತದೆ. ನರಕ್ಕೆ ಬೆಂಕಿ ಯಾವುದು, ಮೆಣಸಿನಕಾಯಿ ಯಾವುದು ಎಂಬ ಭೇದ ತಿಳಿಯದು. 1997ರಲ್ಲಿ ಈ ಬಾಗಿಲನ್ನು ಪತ್ತೆ ಹಚ್ಚಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸ್ಪರ್ಶದ ಬಾಗಿಲುಗಳನ್ನು ಕಂಡುಹಿಡಿದ, ಬೈರೂತ್‌ನಲ್ಲಿ ಹುಟ್ಟಿ ಬೆಳೆದ ಆರ್ಡೆಮ್ ಪಟಪೂಟಿಯನ್ ಅವರೊಡನೆ ಅದನ್ನು ಹಂಚಿಕೊಂಡರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತೇವಲ್ಲ, ಅದರ ಅರ್ಥ ಆ ಬಾಗಿಲು ತಟ್ಟುವ ವಸ್ತು ಅದರಲ್ಲಿ ಕಡಿಮೆ ಇದೆ ಎಂದು.

ಅಪಾಯದ ಸುದ್ದಿಯನ್ನು ಮಾತ್ರ ಹಿಡಿಯುವ ಇಂಥ ನರಗಳಿಗೆ 1906ರಲ್ಲಿ ಇಂಗ್ಲೆಂಡಿನ ಶೆರಿಂಗ್‌ಟನ್ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ನೋವುಗ್ರಾಹಿ ಎನ್ನೋಣ. ಇವುಗಳಲ್ಲಿ ಎರಡು ಜಾತಿ. ಎ-ಡೆಲ್ಟಾ ಎಂಬ ತಂತುಗಳಿಗೆ ತೆಳ್ಳಗಿನ ಕೊಬ್ಬಿನ ಹೊದಿಕೆ ಇದೆ. ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಸಿ ಎಂಬ ತಂತುಗಳಿಗೆ ಹೊದಿಕೆಯೇ ಇಲ್ಲ. ಅವುಗಳ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್, ಅಂದರೆ ನಾವು ನಡೆಯುವಷ್ಟು. ಕತ್ತಲೆಯಲ್ಲಿ ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಎಡವಿದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಮೊದಲು ಚುರುಕ್ ಎನ್ನುವ ಒಂದು ನೋವು. ‘ಅಯ್ಯೋ’ ಎಂದು ನಿಂತು, ಈಗ ಬರುತ್ತದೆ ನೋಡು ಎಂದು ಕಾಯುವಷ್ಟರಲ್ಲಿ ಎರಡನೆಯದು ಬರುತ್ತದೆ, ಮಂದವಾಗಿ, ಮಿಡಿಯುತ್ತಾ, ಬಹಳ ಹೊತ್ತು ಇರುವಂಥದ್ದು. ಮೊದಲನೆಯದು ಎ-ಡೆಲ್ಟಾ ತಂದದ್ದು, ಎರಡನೆಯದು ಸಿ ತಂದದ್ದು. ಪೆಟ್ಟು ಒಂದೇ, ಟಪಾಲು ಎರಡು.

ಈ ನರಕೋಶದ ಆಕಾರವೂ ವಿಚಿತ್ರ. ಅದರ ಒಡಲು ಬೆನ್ನುಮೂಳೆಯ ಪಕ್ಕದಲ್ಲಿ ಒಂದು ಸಣ್ಣ ಗಂಟಿನಲ್ಲಿ ಕುಳಿತಿರುತ್ತದೆ. ಅದರ ಒಂದು ಕೈ ಕಾಲ್ಬೆರಳಿನವರೆಗೆ ಚಾಚಿದೆ, ಇನ್ನೊಂದು ಕೈ ಬೆನ್ನುಹುರಿಯೊಳಗೆ ಹೋಗಿದೆ. ದೊಡ್ಡವರಲ್ಲಿ ಒಂದೇ ಒಂದು ಜೀವಕೋಶ ಹೀಗೆ ಒಂದು ಮೀಟರ್‌ನಷ್ಟು ಉದ್ದ ಇರಬಹುದು. ಆ ಗಂಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬೆನ್ನುಹುರಿ. ಶಾಲಾ ಪುಸ್ತಕಗಳಲ್ಲಿ ಮೆದುಳುಬಳ್ಳಿ ಎಂದೂ ಓದಿರುತ್ತೀರಿ. ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಬೆನ್ನುಮೂಳೆಯ ಕೊನೆಯವರೆಗೂ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ, ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟಕ್ಕೇ ಮುಗಿಯುತ್ತದೆ. ಬೆನ್ನಿನಿಂದ ನೀರು ತೆಗೆಯುವ ವೈದ್ಯರು ಅದಕ್ಕಿಂತ ಕೆಳಗೆ ಸೂಜಿ ಹಾಕುವುದು ಇದೇ ಕಾರಣಕ್ಕೆ. ಹುರಿಯಿಂದ 31 ಜೊತೆ ನರಗಳು ಎಡಕ್ಕೂ ಬಲಕ್ಕೂ ಹೊರಡುತ್ತವೆ. ಪ್ರತಿ ನರಕ್ಕೂ ಹಿಂದೊಂದು ಬೇರು, ಮುಂದೊಂದು ಬೇರು. ಹಿಂದಿನ ಬೇರಿನಿಂದ ಸುದ್ದಿ ಒಳಗೆ ಬರುತ್ತದೆ, ಮುಂದಿನ ಬೇರಿನಿಂದ ಸ್ನಾಯುಗಳಿಗೆ ಆಜ್ಞೆ ಹೊರಗೆ ಹೋಗುತ್ತದೆ. 1811ರಲ್ಲಿ ಚಾರ್ಲ್ಸ್ ಬೆಲ್ ಮತ್ತು 1822ರಲ್ಲಿ ಫ್ರಾನ್ಸಿನ ಮಜಾಂಡಿ ಮಾಡಿದ ಪ್ರಯೋಗಗಳಿಂದ ಇದು ಸ್ಪಷ್ಟವಾಯಿತು.

ಹುರಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಒಳಗೆ ಚಿಟ್ಟೆಯ ಆಕಾರದಲ್ಲಿ ಬೂದು ಬಣ್ಣದ ಭಾಗ ಕಾಣುತ್ತದೆ. ಚಿಟ್ಟೆಯ ಹಿಂದಿನ ಎರಡು ರೆಕ್ಕೆಗಳಿಗೆ ಹಿಂಗೊಂಬು ಎಂದು ಹೆಸರು. ನೋವಿನ ಸುದ್ದಿ ಬಂದು ತಲುಪುವುದು ಅಲ್ಲಿಗೆ. 1952ರಲ್ಲಿ ಸ್ವೀಡನ್ನಿನ ಬ್ರೂರ್ ರೆಕ್ಸೆಡ್ ಬೆಕ್ಕಿನ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಬೂದು ಭಾಗವನ್ನು ಹತ್ತು ಭಾಗಗಳಾಗಿ ಗುರುತಿಸಿದರು. ಭಾಷಾ ಶಿಕ್ಷಕನಾಗಿ ಈ ರೆಕ್ಸೆಡ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೇ ವ್ಯಕ್ತಿ 1967ರಲ್ಲಿ ತಮ್ಮ ದೇಶದ ಆರೋಗ್ಯ ಇಲಾಖೆಯ ಮುಖ್ಯಸ್ಥರಾದಾಗ, ಇನ್ನು ಮುಂದೆ ಕಚೇರಿಯಲ್ಲಿ ನಾನು ಎಲ್ಲರನ್ನೂ ‘ನೀನು’ ಎಂದೇ ಕರೆಯುತ್ತೇನೆ, ನನ್ನನ್ನೂ ಹಾಗೆಯೇ ಕರೆಯಿರಿ ಎಂದುಬಿಟ್ಟರು. ಅದರಿಂದ ಸ್ವೀಡಿಷ್ ಭಾಷೆಯ ಬಹುವಚನ ಮರ್ಯಾದೆಯೇ ಬದಲಾಗಿಹೋಯಿತು. ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು ಕಲಿಸುವ ನನ್ನಂಥವನಿಗೆ ಇದು ಸ್ವಲ್ಪ ಗಾಬರಿಯ ವಿಷಯ.

ಇರಲಿ. ಮೊದಲ ಪದರದಲ್ಲಿ ನೋವು ಮತ್ತು ಶಾಖದ ಸುದ್ದಿಯನ್ನು ಮೆದುಳಿಗೆ ಕಳಿಸುವ ನರಕೋಶಗಳು ಕೆಲವು ಇವೆ. ಎರಡನೆಯ ಪದರ ಲೋಳೆಯಂತೆ ಕಾಣುತ್ತದೆ. ಅಲ್ಲಿಯ ನರಕೋಶಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಸ್ಥಳೀಯ, ದೂರಕ್ಕೆ ಏನನ್ನೂ ಕಳಿಸುವುದಿಲ್ಲ, ಅಕ್ಕಪಕ್ಕದವರೊಡನೆ ಮಾತ್ರ ವ್ಯವಹಾರ. ಐದನೆಯ ಪದರದಲ್ಲಿ ಮೆಲ್ಲಗೆ ಸವರಿದರೂ, ಹಿಸುಕಿದರೂ, ಚುಚ್ಚಿದರೂ ಉತ್ತರ ಕೊಡುವ ನರಕೋಶಗಳಿವೆ. ಪೆಟ್ಟು ಜೋರಾದಷ್ಟೂ ಅವು ಹೆಚ್ಚು ಹೆಚ್ಚು ಮಿಡಿಯುತ್ತವೆ.

ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟುವ ಸಣ್ಣ ಸಂದಿಗೆ ಸಿನಾಪ್ಸ್ ಎನ್ನುತ್ತಾರೆ. ಅಲ್ಲಿ ವಿದ್ಯುತ್ತು ನೇರವಾಗಿ ಹಾರುವುದಿಲ್ಲ, ರಾಸಾಯನಿಕ ವಸ್ತು ಸುರಿಯುತ್ತದೆ. ನೋವಿನ ನರಗಳು ಸುರಿಯುವ ಮುಖ್ಯ ವಸ್ತು ಗ್ಲುಟಮೇಟ್. ಪೆಟ್ಟು ಬಲವಾಗಿದ್ದರೆ ಅದರ ಜೊತೆಗೆ ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ವಸ್ತುವೂ ಬರುತ್ತದೆ. ಇದನ್ನು 1931ರಲ್ಲಿಯೇ ಕಂಡುಹಿಡಿದಿದ್ದರು, ಆದರೆ ನೋವಿಗೂ ಅದಕ್ಕೂ ಇರುವ ನಂಟು ತಿಳಿಯಲು ದಶಕಗಳೇ ಬೇಕಾದವು.

ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಅವರ ಮರಣಾನಂತರ 1662ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನೋವನ್ನು ಹಗ್ಗ ಮತ್ತು ಗಂಟೆಗೆ ಹೋಲಿಸಲಾಗಿದೆ. ಕೆಳಗೆ ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುತ್ತದೆ. ಮುನ್ನೂರು ವರ್ಷ ಜನ ಹೀಗೇ ನಂಬಿದ್ದರು, ಈಗಲೂ ನಮ್ಮಲ್ಲಿ ಬಹುತೇಕರು ಹೀಗೇ ನಂಬಿದ್ದೇವೆ. ಗಾಯ ದೊಡ್ಡದಾದರೆ ನೋವು ದೊಡ್ಡದು, ಗಾಯವಿಲ್ಲದಿದ್ದರೆ ನೋವಿಲ್ಲ. ನಮ್ಮ ಚಾಚಾರನ್ನು ನೋಡಲು ಬಂದವರ ತರ್ಕವೂ ಇದೇ. ಆದರೆ ಬೆನ್ನುಹುರಿ ಹಗ್ಗವಲ್ಲ. ನನಗೆ ಅದು ತಾಲ್ಲೂಕು ಕಚೇರಿಯ ಟಪಾಲು ವಿಭಾಗದಂತೆ ಕಾಣುತ್ತದೆ. ಅರ್ಜಿ ಬರುತ್ತದೆ. ಒಬ್ಬರು ಅದನ್ನು ಓದುತ್ತಾರೆ, ಇನ್ನೊಬ್ಬರು ಬೇರೆ ಅರ್ಜಿಯೊಡನೆ ಸೇರಿಸುತ್ತಾರೆ, ಮತ್ತೊಬ್ಬರು ಇದು ಮೇಲೆ ಹೋಗುವಂಥದ್ದಲ್ಲ ಎಂದು ಪಕ್ಕಕ್ಕಿಡುತ್ತಾರೆ, ಕೊನೆಗೆ ಷರಾ ಬರೆದು ಕೆಲವನ್ನು ಮಾತ್ರ ಜಿಲ್ಲಾ ಕಚೇರಿಗೆ ಕಳಿಸುತ್ತಾರೆ. ಹಿಂಗೊಂಬಿನ ನರಕೋಶಗಳಲ್ಲಿ ಮೆದುಳಿಗೆ ಸುದ್ದಿ ಕಳಿಸುವವು ಅತಿ ಕಡಿಮೆ. ಉಳಿದವೆಲ್ಲ ಒಳಗೇ ಕುಳಿತು ಕಡತ ನೋಡುವವು. ಇಲಿಗಳಲ್ಲಿ ಎಣಿಸಿ ನೋಡಿದಾಗ ಮೇಲಿನ ಪದರಗಳ ನರಕೋಶಗಳಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಸುದ್ದಿಯನ್ನು ತಡೆಯುವ ಕೆಲಸದವು ಎಂದು ಕಂಡಿತು. ಗಾಬಾ ಮತ್ತು ಗ್ಲೈಸಿನ್ ಎಂಬ ವಸ್ತುಗಳಿಂದ ಅವು ನೆರೆಯವರನ್ನು ಸುಮ್ಮನಿರಿಸುತ್ತವೆ.

ಕೆಲವು ವಿಷಯಕ್ಕೆ ಮೇಲಿನ ಅಪ್ಪಣೆಯೂ ಬೇಕಿಲ್ಲ. ಬಿಸಿ ಹೆಂಚು ಮುಟ್ಟಿದಾಗ ಕೈ ತಾನಾಗಿ ಹಿಂದೆ ಬರುತ್ತದಲ್ಲ, ಪರಾವರ್ತಿತ ಕ್ರಿಯೆ ಎಂದು ಹತ್ತನೇ ತರಗತಿಯಲ್ಲಿ ಓದುತ್ತೀರಿ, ಅದು ಬೆನ್ನುಹುರಿಯಲ್ಲೇ ತೀರ್ಮಾನವಾಗುತ್ತದೆ. ಮೆದುಳಿಗೆ ನೋವು ತಿಳಿಯುವ ಹೊತ್ತಿಗೆ ಕೈ ಆಗಲೇ ಹಿಂದೆ ಬಂದಿರುತ್ತದೆ. ಮುಳ್ಳು ತುಳಿದು ಒಂದು ಕಾಲು ಎತ್ತಿದಾಗ ಇನ್ನೊಂದು ಕಾಲು ಗಟ್ಟಿಯಾಗಿ ನಿಂತು ನಮ್ಮನ್ನು ಬೀಳದಂತೆ ಹಿಡಿಯುವುದೂ ಅಲ್ಲಿಯದೇ ವ್ಯವಸ್ಥೆ.

ತಲೆಗೆ ಬಾಗಿಲು ಬಡಿದರೆ ಮೊದಲು ಏನು ಮಾಡುತ್ತೇವೆ? ಉಜ್ಜಿಕೊಳ್ಳುತ್ತೇವೆ. ಮಗು ಬಿದ್ದರೆ ತಾಯಿ ಮೊಣಕಾಲನ್ನು ಸವರಿ ಉಫ್ ಎಂದು ಊದುತ್ತಾಳೆ. ಇದು ಸುಮ್ಮನೆ ಸಮಾಧಾನವಲ್ಲ. ಸ್ಪರ್ಶದ ಸುದ್ದಿ ತರುವ ದಪ್ಪ ತಂತುಗಳು ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಬೆನ್ನುಹುರಿಗೆ ಬಂದು, ಹಿಂಗೊಂಬಿನ ತಡೆಯುವ ನರಕೋಶಗಳನ್ನು ಎಚ್ಚರಿಸುತ್ತವೆ. ಅವು ನೋವಿನ ಸುದ್ದಿಯನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತವೆ. ತಲೆ ಮತ್ತು ಮುಖದ ಸುದ್ದಿ ಬೇರೊಂದು ನರದಿಂದ ಮೆದುಳುಕಾಂಡಕ್ಕೆ ಹೋಗುತ್ತದೆ ನಿಜ, ಆದರೆ ಅಲ್ಲಿಯೂ ಏರ್ಪಾಡು ಇದೇ ಮಾದರಿಯದು. ಮೇಲೆ ಹೇಳಿದ ಮೆಲ್ಜಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ ಇಬ್ಬರೂ ಸೇರಿ 1965ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ದ್ವಾರ ನಿಯಂತ್ರಣ ಸಿದ್ಧಾಂತವಾಗಿ ಮಂಡಿಸಿದರು. ಅವರು ಬರೆದ ನಕ್ಷೆಯ ಕೆಲವು ಗೆರೆಗಳು ಸರಿಯಿಲ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ಬೆನ್ನುಹುರಿಯಲ್ಲಿ ಒಂದು ದ್ವಾರವಿದೆ, ಅದು ತೆರೆಯುತ್ತದೆ, ಮುಚ್ಚುತ್ತದೆ ಎಂಬ ಮೂಲ ಮಾತು ಉಳಿದುಕೊಂಡಿತು. ಫಿಸಿಯೋಥೆರಪಿಯವರು ಸೊಂಟಕ್ಕೆ ಪಟ್ಟಿ ಅಂಟಿಸಿ ಸಣ್ಣಗೆ ಜುಮುಜುಮು ಎನ್ನುವ ಕರೆಂಟು ಕೊಡುವ ಯಂತ್ರ ಹುಟ್ಟಿದ್ದು ಈ ಯೋಚನೆಯಿಂದ.

ದ್ವಾರಕ್ಕೆ ಮೇಲಿನಿಂದಲೂ ಆಜ್ಞೆ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ 1944ರಲ್ಲಿ ಇಟಲಿಯ ಆನ್ಜಿಯೋ ರಣರಂಗದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಇದ್ದರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಮೂರರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ನೋವಿನ ಔಷಧಿ ಬೇಕೇ ಎಂದು ಕೇಳಿದರೆ ಬೇಡ ಎಂದರಂತೆ. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಮ್ಮ ಹುಡುಗರಿಗೆ ಯುದ್ಧದ ಉದಾಹರಣೆ ಬೇಕಿಲ್ಲ, ಕಬಡ್ಡಿ ಸಾಕು. ಆಟ ಮುಗಿದ ಮೇಲೆ ತಾನೇ ಮೊಣಕೈ ಕಿತ್ತುಹೋಗಿರುವುದು ಗೊತ್ತಾಗುವುದು? 1969ರಲ್ಲಿ ರೆನಾಲ್ಡ್ಸ್ ಎಂಬುವರು ಇಲಿಯ ಮಧ್ಯಮೆದುಳಿನ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟು, ಅರಿವಳಿಕೆಯೇ ಇಲ್ಲದೆ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿ ತೋರಿಸಿದರು. ಆ ಜಾಗದಿಂದ ಹೊರಟ ಆಜ್ಞೆ ಮೆದುಳುಕಾಂಡದ ಮೂಲಕ ಕೆಳಗಿಳಿದು ಹಿಂಗೊಂಬಿನಲ್ಲಿ ದ್ವಾರ ಮುಚ್ಚುತ್ತದೆ.

1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೊಸ್ಟರ್‌ಲಿಟ್ಜ್ ಮೆದುಳಿನಲ್ಲೇ ತಯಾರಾಗುವ, ಅಫೀಮಿನ ಸತ್ವದಂತೆ ಕೆಲಸ ಮಾಡುವ ಎನ್‌ಕೆಫಾಲಿನ್ ಎಂಬ ವಸ್ತುವನ್ನು ಕಂಡುಹಿಡಿದರು. ನಮ್ಮ ದೇಹವೇ ತನ್ನ ನೋವಿಗೆ ಮದ್ದು ಅರೆದಿಟ್ಟುಕೊಂಡಿದೆ. ಮರುವರ್ಷ ಯಾಕ್ಷ್ ಮತ್ತು ರೂಡಿ ಇಲಿಯ ಬೆನ್ನುಹುರಿಯ ಬಳಿಗೇ ಮಾರ್ಫೀನ್ ಹನಿಸಿ, ಮೆದುಳಿಗೆ ಹೋಗದೆಯೂ ಅದು ಅಲ್ಲೇ ನೋವು ನಿಲ್ಲಿಸುತ್ತದೆಂದು ತೋರಿಸಿದರು. ಇಂದು ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಬೆನ್ನಿಗೆ ಅತಿ ಸಣ್ಣ ಪ್ರಮಾಣದಲ್ಲಿ ಈ ಔಷಧಿ ಕೊಡುವುದರ ಮೂಲ ಅದು. ಮಾರ್ಫೀನ್ ಎಂದ ಕೂಡಲೇ ಚಟ ಎಂದು ಹೆದರುವವರಿದ್ದಾರೆ. ಚಟದ ಅಪಾಯ ಸುಳ್ಳಲ್ಲ. ಆದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿ ರಾತ್ರಿಯೆಲ್ಲಾ ನರಳುತ್ತಿರುವಾಗ ಆ ಹೆದರಿಕೆಯನ್ನು ಮುಂದಿಟ್ಟುಕೊಂಡು ಕೂರುವುದು ಸರಿಯಲ್ಲ. 2014ರಲ್ಲಿ ಸಂಸತ್ತು ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದದ್ದು ಇಂಥ ರೋಗಿಗಳಿಗೆ ಈ ಔಷಧಿ ಸುಲಭವಾಗಿ ಸಿಗಲಿ ಎಂದೇ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಅದನ್ನು ತಿಳಿದವರ ಕೈಯಲ್ಲಿ ಸರಿಯಾಗಿ ಬಳಸುತ್ತಾರೆ.

ಮೇಲಿನ ಆಜ್ಞೆ ಯಾವಾಗಲೂ ಮುಚ್ಚು ಎಂದೇ ಇರುವುದಿಲ್ಲ. ಭಯ, ಆತಂಕ, ನಿದ್ದೆಗೇಡು ಇವು ದ್ವಾರವನ್ನು ಇನ್ನಷ್ಟು ತೆರೆಯಲೂಬಹುದು. ಇಂಜೆಕ್ಷನ್‌ಗೆ ಹೆದರಿ ಅಳುವ ಮಗುವನ್ನು “ಏನೂ ನೋವಾಗಲ್ಲ, ಸುಮ್ಮನಿರು” ಎಂದು ಗದರಿಸುವುದರಿಂದ ನೋವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಈಗ ಚಾಚಾರ ನೋವಿಗೆ ಬರೋಣ. ಚಿಕ್ಕಂದಿನಲ್ಲಿ ಬಂದ ಚಿಕನ್ ಪಾಕ್ಸ್, ನಮ್ಮ ಜನ ಅಮ್ಮ ಎನ್ನುವ ಸೀತಾಳೆ ಸಿಡುಬು, ವಾಸಿಯಾದ ಮೇಲೂ ಅದರ ವೈರಾಣು ಪೂರ್ತಿ ಹೋಗುವುದಿಲ್ಲ. ಆಗ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಬೆನ್ನುಮೂಳೆಯ ಪಕ್ಕದ ಗಂಟು, ಅಲ್ಲಿ ಅಡಗಿ ಕೂರುತ್ತದೆ. ವಯಸ್ಸಾಗಿ ಶಕ್ತಿ ಕುಂದಿದಾಗ ಎದ್ದು, ಆ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಒಂದು ನರ ದೇಹದ ಒಂದೇ ಪಕ್ಕಕ್ಕೆ ಸೇರಿದ್ದರಿಂದ ಗುಳ್ಳೆಗಳು ಅರ್ಧ ಪಟ್ಟಿಯಂತೆ ಬೆನ್ನಿನಿಂದ ಎದೆಯ ನಡುವಿನವರೆಗೆ ಬಂದು ನಿಲ್ಲುತ್ತವೆ. ಸರ್ಪ ಪೂರ್ತಿ ಸುತ್ತಿದರೆ ಪ್ರಾಣ ಹೋಗುತ್ತದೆ ಎಂದು ಕೆಮ್ಮಣ್ಣು ಬಳಿಸಲು ಓಡುವವರಿದ್ದಾರೆ. ಅಷ್ಟರಲ್ಲಿ ಬೆಲೆಬಾಳುವ ಮೂರು ದಿನ ಕಳೆದುಹೋಗುತ್ತದೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಾಣು ನಿರೋಧಕ ಮಾತ್ರೆ ಶುರು ಮಾಡಿದರೆ ಬಹಳ ಉಪಯೋಗ. 50 ದಾಟಿದವರಿಗೆ ಲಸಿಕೆಯೂ 2023ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿದೆ, ದುಬಾರಿ ಎಂಬುದು ನಿಜ.

ಗುಳ್ಳೆ ಒಣಗಿದ ಮೇಲೂ ನೋವು ಏಕೆ ಉಳಿಯಿತು? ಪೆಟ್ಟಾದ ನರ ಬಿಡದೆ ಸುದ್ದಿ ಕಳಿಸುತ್ತಲೇ ಇರುತ್ತದೆ. 1966ರಲ್ಲಿ ಲೋರ್ನ್ ಮೆಂಡೆಲ್ ಒಂದು ವಿಷಯ ಗಮನಿಸಿದ್ದರು: ಸಿ ತಂತುಗಳನ್ನು ಒಂದೇ ಬಲದಲ್ಲಿ ಮತ್ತೆ ಮತ್ತೆ ಮಿಡಿದರೆ ಬೆನ್ನುಹುರಿಯ ನರಕೋಶ ಪ್ರತಿ ಸಲವೂ ಹಿಂದಿಗಿಂತ ಜೋರಾಗಿ ಉತ್ತರಿಸುತ್ತದೆ. ಆ ನರಕೋಶದಲ್ಲಿ ಎನ್‌ಎಂಡಿಎ ಎಂಬ ಬಾಗಿಲಿದೆ. ಸಾಮಾನ್ಯವಾಗಿ ಮೆಗ್ನೀಷಿಯಂನ ಒಂದು ಕಣ ಬಿರಡೆಯಂತೆ ಅದನ್ನು ಮುಚ್ಚಿರುತ್ತದೆ. ಸುದ್ದಿ ಎಡೆಬಿಡದೆ ಬಂದರೆ ಬಿರಡೆ ಹಾರಿಹೋಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಮೇಲೆ ಆ ನರಕೋಶ ಸಣ್ಣ ಸುದ್ದಿಗೂ ದೊಡ್ಡದಾಗಿ ಕೂಗತೊಡಗುತ್ತದೆ. ಜೊತೆಗೆ ತಡೆಯುವ ನರಕೋಶಗಳ ಕೈ ದುರ್ಬಲವಾಗುತ್ತದೆ. ಆಗ ಸ್ಪರ್ಶದ ತಂತು ತಂದ ‘ಬಟ್ಟೆ ತಾಗಿತು’ ಎಂಬ ಬರೀ ಸುದ್ದಿಯೂ ನೋವಿನ ಕಡತಕ್ಕೆ ಸೇರಿಬಿಡುತ್ತದೆ. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ‘ನೇಚರ್’ ಪತ್ರಿಕೆಯಲ್ಲಿ, ಪೆಟ್ಟಿನ ನಂತರದ ಈ ಅತಿಸೂಕ್ಷ್ಮತೆಯ ಒಂದು ಭಾಗ ಬೆನ್ನುಹುರಿಯಲ್ಲೇ ಇದೆ ಎಂದು ತೋರಿಸಿದರು. ಅಂದರೆ ಚಾಚಾರ ಎದೆಯ ಮೇಲೆ ಗಾಯ ಹುಡುಕಿದವರು ನೋಡಿದ ಜಾಗವೇ ಬೇರೆ. ಕೆಟ್ಟಿದ್ದು ಒಳಗಿನ ಕಚೇರಿ.

ಇಂಥ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ವೈದ್ಯರು ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮುಂತಾದವನ್ನು ಬರೆಯುತ್ತಾರೆ. ಮೊದಲೆರಡು ಹಿಂಗೊಂಬಿನಲ್ಲಿ ನೋವಿನ ನರ ರಾಸಾಯನಿಕ ಸುರಿಯುವುದನ್ನು ತಗ್ಗಿಸುತ್ತವೆ. ಮೂರನೆಯದು ಮೇಲಿನಿಂದ ಬರುವ ತಡೆಯಾಜ್ಞೆಗೆ ಬಲ ಕೊಡುತ್ತದೆ. ನಮ್ಮ ಮನೆಯಲ್ಲಿ ಆದದ್ದೇನೆಂದರೆ, ಯಾರೋ ನೆಂಟರು ಡಬ್ಬಿಯೊಳಗಿನ ಕಾಗದ ಓದಿ, ಒಂದು ಮೂರ್ಛೆರೋಗದ್ದು, ಇನ್ನೊಂದು ಖಿನ್ನತೆಯದ್ದು, ಇದೆಲ್ಲ ಹುಚ್ಚಿನ ಮಾತ್ರೆ ಎಂದು ನಿಲ್ಲಿಸಿಬಿಟ್ಟರು. ಎರಡು ತಿಂಗಳು ಚಾಚಾ ಅಂಗಿಯಿಲ್ಲದೆ ಕೋಣೆಯಲ್ಲಿ ಕಳೆದರು. ಜುಮಾ ನಮಾಜಿಗೂ ಹೋಗಲಾಗಲಿಲ್ಲ. ಮತ್ತೆ ವೈದ್ಯರ ಬಳಿ ಹೋಗಿ ಮಾತ್ರೆ ಶುರು ಮಾಡಿದ ಮೇಲೆ ನೋವು ಪೂರ್ತಿ ಹೋಗದಿದ್ದರೂ ಬಟ್ಟೆ ತೊಡುವಷ್ಟಾಯಿತು. ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿದಾಗ, ಒಬ್ಬರು ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಸೇರಿಸಿತು. ಮನೆಯ ಹೆಂಗಸರು ಸೊಂಟನೋವು ಎಂದಾಗ, ತರಗತಿಯಲ್ಲಿ ಹುಡುಗಿ ಹೊಟ್ಟೆನೋವು ಎಂದಾಗ ‘ನಾಟಕ’ ಎನ್ನುವ ನಾಲಿಗೆಗಳಿಗೆ ಈ ಟಿಪ್ಪಣಿಯನ್ನು ಓದಿ ಹೇಳಬೇಕಾಗಿದೆ. ಸಹನೆ ದೊಡ್ಡ ಗುಣ. ಆದರೆ ಬೇರೆಯವರ ನೋವಿಗೆ ನಾವು ಸಹನೆಯ ಉಪದೇಶ ಮಾಡುವುದು ಬಹಳ ಅಗ್ಗದ ಕೆಲಸ.

ಬೆನ್ನುಹುರಿಯಿಂದ ಮೇಲಕ್ಕೆ ಹೋಗುವ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂಗೊಂಬಿನಿಂದ ಹೊರಟ ತಂತುಗಳು ಹುರಿಯೊಳಗೇ ಎದುರು ಪಕ್ಕಕ್ಕೆ ದಾಟಿ, ಮುಂಬದಿಯ ಅಂಚಿನಲ್ಲಿ ಮೇಲಕ್ಕೇರಿ, ಥಲಾಮಸ್ ಎಂಬ ಕೇಂದ್ರಕ್ಕೆ ಮುಟ್ಟುತ್ತವೆ. ಎಡಗಾಲಿನ ನೋವು ಬಲಬದಿಯಲ್ಲಿ ಹೋಗುತ್ತದೆ. ಅಲ್ಲಿಂದ ಮೆದುಳಿನ ಹಲವು ಭಾಗಗಳು ಸೇರಿ ನೋವನ್ನು ನೋವನ್ನಾಗಿ ಮಾಡುತ್ತವೆ. ನೋವಿನ ಕೇಂದ್ರ ಎಂದು ಬೆರಳಿಟ್ಟು ತೋರಿಸುವ ಒಂದೇ ಜಾಗವಿಲ್ಲ.

ಒಂದು ಎಚ್ಚರಿಕೆ ಮಾತ್ರ ನಿಧಾನವಾಗಿ ಹೇಳುತ್ತೇನೆ. ಹೃದಯದಿಂದ ಬರುವ ನೋವಿನ ನರಗಳೂ, ಎದೆ ಮತ್ತು ಎಡತೋಳಿನ ಚರ್ಮದಿಂದ ಬರುವ ನರಗಳೂ ಹಿಂಗೊಂಬಿನಲ್ಲಿ ಒಂದೇ ನರಕೋಶಗಳ ಮೇಲೆ ಬಂದು ಕೂಡುತ್ತವೆ. ಮೆದುಳಿಗೆ ದಿನವೂ ಬರುವುದು ತೋಳಿನ ಸುದ್ದಿ. ಹಾಗಾಗಿ ಹೃದಯದ ಸಂಕಟವನ್ನು ಅದು ತೋಳಿನದೋ ದವಡೆಯದೋ ಎಂದು ಓದಿಕೊಳ್ಳುತ್ತದೆ. ಎದೆ ಬಿಗಿತದ ಜೊತೆ ಎಡತೋಳು, ದವಡೆ ಅಥವಾ ಬೆನ್ನು ನೋಯುತ್ತಾ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ನಿಮಗೆ ಅನಿಸಿರಬಹುದು. ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಹುಡುಗನಿದ್ದ. ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಆಟ ತೋರಿಸುತ್ತಿದ್ದ. ಅವನಿಗೆ ಹುಟ್ಟಿನಿಂದಲೇ ನೋವು ಗೊತ್ತಿರಲಿಲ್ಲ. ವಿಜ್ಞಾನಿಗಳು ಅವನನ್ನು ಸರಿಯಾಗಿ ಪರೀಕ್ಷಿಸುವ ಮೊದಲೇ, ಹದಿನಾಲ್ಕು ತುಂಬುವುದರೊಳಗೆ, ಮನೆಯ ಛಾವಣಿಯಿಂದ ಜಿಗಿದು ತೀರಿಕೊಂಡ. ಅವನದೇ ಲಕ್ಷಣವಿದ್ದ ಬಂಧುಕುಟುಂಬಗಳ ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಕಾರಣ ಪ್ರಕಟಿಸಿದರು. ನೋವಿನ ನರದಲ್ಲಿ ಸುದ್ದಿ ಹೊತ್ತಿಸುವ ಒಂದು ಸೋಡಿಯಂ ನಾಳ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಸುದ್ದಿ ಹೊರಡದಿದ್ದರೆ ಬೆನ್ನುಹುರಿ ತಾನೇ ಏನು ಮಾಡೀತು? ಆ ಮಕ್ಕಳ ತುಟಿ, ನಾಲಿಗೆಯೆಲ್ಲಾ ಅವರೇ ಕಚ್ಚಿಕೊಂಡ ಗಾಯಗಳಿಂದ ತುಂಬಿದ್ದವು.

ಅದೇ ಮಾತನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದಲೇ ಕುಷ್ಠರೋಗಿಗಳನ್ನು ನೋಡುತ್ತಾ ಹೇಳುತ್ತಿದ್ದರು. ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ. ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿದು, ಗಾಯವಾದರೂ ದುಡಿದು, ಸವೆದು ಹೋಗುತ್ತದೆ.

ಇದು ದೂರದ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಮೊದಲು ಕೆಡುವುದು ಅತಿ ಉದ್ದದ ನರಗಳು, ಅಂದರೆ ಪಾದಕ್ಕೆ ಹೋಗುವವು. ಚಪ್ಪಲಿಯೊಳಗೆ ಸಣ್ಣ ಕಲ್ಲು ಸಿಕ್ಕಿದ್ದರೂ ಅಂಥವರು ಇಡೀ ದಿನ ನಡೆಯುತ್ತಾರೆ. ಸಂಜೆ ಸಾಕ್ಸ್ ಮೇಲಿನ ರಕ್ತ ನೋಡಿ ಮನೆಯವರು ಹೇಳಬೇಕು. ವಿದ್ಯಾರ್ಥಿಗಳೇ, ನಿಮ್ಮ ಅಜ್ಜಿ, ದಾದಾ, ಅಮ್ಮಿ ಯಾರಿಗಾದರೂ ಸಕ್ಕರೆ ಇದ್ದರೆ ಇವತ್ತು ರಾತ್ರಿ ಅವರ ಪಾದ ತಿರುಗಿಸಿ ನೋಡಿ. ಬೆರಳ ಸಂದು, ಹಿಮ್ಮಡಿ, ಅಂಗಾಲು. ವಜೂ ಮಾಡುವ ಬಿಸಿನೀರನ್ನು ಕಾಲಿಗಲ್ಲ, ಮೊದಲು ಮೊಣಕೈಗೆ ಮುಟ್ಟಿಸಿ ನೋಡಲು ಹೇಳಿ. ವರ್ಷಕ್ಕೊಮ್ಮೆ ವೈದ್ಯರ ಬಳಿ 10 ಗ್ರಾಂ ನೈಲಾನ್ ಎಳೆಯ ಪರೀಕ್ಷೆ ಮಾಡಿಸಿ. ಅಂಗಾಲಿಗೆ ಎಳೆ ಒತ್ತಿ, ತಿಳಿಯಿತೇ ಎಂದು ಕೇಳುತ್ತಾರೆ, ಅಷ್ಟೇ. ಎರಡು ನಿಮಿಷದ ಕೆಲಸ.

ಆ ಪಾಕಿಸ್ತಾನದ ಹುಡುಗನಲ್ಲಿ ಕೆಟ್ಟಿದ್ದ ನಾಳವನ್ನೇ ಮದ್ದಿನಿಂದ ಮುಚ್ಚಿ ನೋವು ನಿಲ್ಲಿಸಲು ಕಂಪನಿಗಳು ಬಹಳ ವರ್ಷ ಪ್ರಯತ್ನಿಸಿದವು, ಹೆಚ್ಚು ಫಲ ಸಿಗಲಿಲ್ಲ. ಅದರ ಒಡಹುಟ್ಟಿದಂಥ ಇನ್ನೊಂದು ನಾಳವನ್ನು ತಡೆಯುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕ ಅನುಮತಿ ನೀಡಿತು. ಅದು ಅಫೀಮಿನ ಗುಂಪಿಗೆ ಸೇರಿದ್ದಲ್ಲ. ಸುದ್ದಿ ಬೆನ್ನುಹುರಿಗೆ ಬರುವ ಮೊದಲೇ, ಹೊರಗಿನ ನರದಲ್ಲೇ ಹಿಡಿದು ನಿಲ್ಲಿಸುತ್ತದೆ. ಅನುಮತಿ ಇರುವುದು ಹೊಸ ನೋವಿಗೆ, ಶಸ್ತ್ರಕ್ರಿಯೆಯಂಥವುಗಳ ನಂತರದ ನೋವಿಗೆ ಮಾತ್ರ. ಚಾಚಾರಂಥವರ ಹಳೆಯ ನೋವಿಗೆ ಅಲ್ಲ.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಪ್ರಶ್ನೆ ಇದ್ದವರು ಊಟದ ಹೊತ್ತಿನಲ್ಲಿ ಬಂದು ಕೇಳಬಹುದು.